ತಟ್ಟೆಗೆ ಮೊದಲು ಅಡುಗೆಮನೆ ನೋಡಿದ ಡಂಕನ್ ಹೈನ್ಸ್

ಅಮೆರಿಕದ ದಿನಸಿ ಅಂಗಡಿಗಳಲ್ಲಿ ಕೇಕಿನ ಸಿದ್ಧ ಮಿಶ್ರಣದ ಪೊಟ್ಟಣಗಳನ್ನು ಜೋಡಿಸಿಟ್ಟ ಸಾಲಿನ ಮುಂದೆ ನಿಂತರೆ ಡಂಕನ್ ಹೈನ್ಸ್ ಎಂಬ ಹೆಸರು ಕಣ್ಣಿಗೆ ಬೀಳದೆ ಇರದು. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಆ ಪೊಟ್ಟಣ ಅಪರಿಚಿತವೇನಲ್ಲ. ಆದರೆ ಅದು ಯಾವುದೋ ಜಾಹೀರಾತು ಸಂಸ್ಥೆ ಹುಟ್ಟುಹಾಕಿದ ಹೆಸರಲ್ಲ; ಆ ಹೆಸರಿನ ಮನುಷ್ಯ ನಿಜಕ್ಕೂ ಬದುಕಿದ್ದ. ಆತ ಬಾಣಸಿಗನಾಗಿರಲಿಲ್ಲ, ಬೇಕರಿಯನ್ನೂ ನಡೆಸಿದವನಲ್ಲ. ಮುದ್ರಣ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾಗಿ ಊರೂರು ಸುತ್ತುತ್ತಾ, ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಉಂಡು, ಎಲ್ಲಿ ನಂಬಿ ಉಣ್ಣಬಹುದು ಎಂಬುದನ್ನು ಒಂದು ದೇಶಕ್ಕೇ ತಿಳಿಸಿಕೊಟ್ಟವನು.

ಇಂದು ಹೋಟೆಲಿನ ಮೆಟ್ಟಿಲು ಹತ್ತುವ ಮುನ್ನವೇ ನಾವು ಮೊಬೈಲು ತೆರೆದು ಅದಕ್ಕೆ ಎಷ್ಟು ತಾರೆಗಳು ಬಿದ್ದಿವೆ ಎಂದು ನೋಡುತ್ತೇವೆ. ಆ ತಾರೆಗಳನ್ನು ಕೊಟ್ಟವರು ಯಾರು, ಅವರು ಬಿಲ್ಲು ಕೊಟ್ಟು ಉಂಡವರೇ ಎಂಬ ಸಂಶಯವೂ ಜೊತೆಗೇ ಮೂಡುತ್ತದೆ. ಈ ಸಂಶಯಕ್ಕೆ ಹೈನ್ಸ್ ತನ್ನ ಬದುಕಿನ ಬಹುಭಾಗ ಒಂದು ಸರಳ ಉತ್ತರವನ್ನು ಇಟ್ಟುಕೊಂಡಿದ್ದ. ಆ ಉತ್ತರ ಕೊನೆಗೆ ಏನಾಯಿತು ಎಂಬುದೂ ಆತನ ಕಥೆಯ ಭಾಗವೇ.

ಹೈನ್ಸ್ ಜನಿಸಿದ್ದು 1880ರ ಮಾರ್ಚ್ 26ರಂದು, ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಪಟ್ಟಣದಲ್ಲಿ. ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಪರವಾಗಿ ಹೋರಾಡಿದ್ದವರು. ಬಾಲಕನಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಆತನನ್ನು ಸಾಕಿ ಬೆಳೆಸಿದ್ದು ತಾಯಿಯ ತಾಯಿ ಜೇನ್ ಡಂಕನ್. ಈ ಅಜ್ಜಿಯ ಕೈಯಡುಗೆಯೇ ಹೈನ್ಸನ ನಾಲಗೆಗೆ ಮೊದಲ ಪಾಠ. ಉಪ್ಪು ಸವರಿ ತಿಂಗಳುಗಟ್ಟಲೆ ಹದಗೊಳಿಸಿದ ಹಂದಿಯ ತೊಡೆಮಾಂಸ, ಜೋಳದ ಹಿಟ್ಟಿನ ರೊಟ್ಟಿ, ಕೊಬ್ಬಿನಲ್ಲಿ ಬೆಂದ ಸೊಪ್ಪು, ಸಕ್ಕರೆಪಾಕದಲ್ಲಿ ಅದ್ದಿದ ಗೆಣಸು, ಪೆಕಾನ್ ಬೀಜದ ಕಡುಬು - ದಕ್ಷಿಣದ ರೈತಾಪಿ ಮನೆಗಳ ಈ ಊಟವನ್ನು ಆತ ಎಪ್ಪತ್ತೈದರ ವಯಸ್ಸಿನಲ್ಲಿ ಬರೆದ ಆತ್ಮಕಥನದಲ್ಲೂ ಮರೆಯಲಿಲ್ಲ. ದೊಡ್ಡ ಹೋಟೆಲುಗಳ ಫ್ರೆಂಚ್ ಹೆಸರಿನ ಭಕ್ಷ್ಯಗಳಿಗೆ ಆತ ಎಂದೂ ಮಾರುಹೋಗದಿದ್ದುದಕ್ಕೆ ಕಾರಣವನ್ನು ಈ ಅಡುಗೆಮನೆಯಲ್ಲೇ ಹುಡುಕಬೇಕು.

ಊರಿನ ವಾಣಿಜ್ಯ ಕಾಲೇಜಿನಲ್ಲಿ ಎರಡು ವರ್ಷ ಓದಿದ ಹೈನ್ಸ್, 1898ರಲ್ಲಿ ವೆಲ್ಸ್ ಫಾರ್ಗೋ ಸಾಗಣೆ ಸಂಸ್ಥೆಯಲ್ಲಿ ಗುಮಾಸ್ತನಾಗಿ ಪಶ್ಚಿಮಕ್ಕೆ ಹೊರಟ. ಮೊದಲು ಆಲ್ಬುಕರ್ಕಿ, ಬಳಿಕ ವಯೋಮಿಂಗ್ ಪ್ರಾಂತದ ಶಯೆನ್. ಅಜ್ಜಿಯ ಮನೆ ಬಿಟ್ಟು ದುಡ್ಡು ಕೊಟ್ಟು ಉಣ್ಣುವ ಬದುಕು ಇಲ್ಲಿಂದ ಆರಂಭವಾಯಿತು. ಹೊಟ್ಟೆ ಹಸಿದು ಕಂಗಾಲಾಗಿದ್ದ ಹೊತ್ತಿನಲ್ಲಿ ಶಯೆನ್‌ನ ಉಪಾಹಾರ ಗೃಹವೊಂದರಲ್ಲಿ ದೊರೆತ ಮೊಟ್ಟೆ-ಮಾಂಸದ ಊಟವೇ ತನಗೆ ಹೋಟೆಲುಗಳ ಬಗ್ಗೆ ಕುತೂಹಲ ಹುಟ್ಟಿಸಿತೆಂದು ಆತ ಮುಂದೆ ನೆನಪಿಸಿಕೊಂಡಿದ್ದಾನೆ. 1905ರಲ್ಲಿ ಫ್ಲಾರೆನ್ಸ್ ಚಾಫಿನ್ ಎಂಬಾಕೆಯನ್ನು ಮದುವೆಯಾಗಿ ಷಿಕಾಗೋ ನಗರದಲ್ಲಿ ನೆಲೆ ನಿಂತ.

ಮುಂದಿನ ಮೂವತ್ತು ವರ್ಷ ಆತನ ವೃತ್ತಿ ಮುದ್ರಣ ಮತ್ತು ಜಾಹೀರಾತು ಸಾಮಗ್ರಿಗಳ ಮಾರಾಟ. ಕಂಪನಿಗಳ ಕದ ತಟ್ಟಿ ಕರಪತ್ರ, ಕಿರುಹೊತ್ತಿಗೆಗಳ ಆರ್ಡರು ತರುವುದು ಕೆಲಸ. ಇದರಲ್ಲಿ ಹೇಳಿಕೊಳ್ಳುವಂಥ ಸಂಗತಿ ಹೆಚ್ಚಿಲ್ಲ. ಆದರೆ ಆ ಕೆಲಸ ಆತನನ್ನು ರಸ್ತೆಯ ಮೇಲೆ ಇಟ್ಟಿತು. ಎಲ್ಲಿ ಕಾಫಿ ಚೆನ್ನಾಗಿತ್ತು, ಎಲ್ಲಿ ಮೇಜಿನ ಬಟ್ಟೆ ಕೊಳೆಯಾಗಿತ್ತು, ಯಾವ ಊರಿನ ಯಾವ ತಿರುವಿನಲ್ಲಿ ಒಬ್ಬಾಕೆ ಮನೆಯ ಮುಂಭಾಗದಲ್ಲೇ ಊಟ ಬಡಿಸುತ್ತಾಳೆ ಎಂಬುದನ್ನು ಆತ ಜೇಬಿನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳತೊಡಗಿದ. ವಾರಾಂತ್ಯದಲ್ಲಿ ಫ್ಲಾರೆನ್ಸಳೊಂದಿಗೆ ಕಾರು ಹತ್ತಿದರೆ, ಒಳ್ಳೆಯ ಊಟದ ಸುಳಿವು ಹಿಡಿದು ನೂರಾರು ಮೈಲು ಹೋಗಿಬರುವುದು ದಂಪತಿಗಳ ಹವ್ಯಾಸ. ಅವರಿಗೆ ಮಕ್ಕಳಿರಲಿಲ್ಲ.

ಆ ಕಾಲದ ಸ್ಥಿತಿ ತಿಳಿಯದಿದ್ದರೆ ಈ ಟಿಪ್ಪಣಿ ಪುಸ್ತಕದ ಬೆಲೆ ಅರ್ಥವಾಗದು. ಅಮೆರಿಕದ ಹೆದ್ದಾರಿಗಳಿಗೆ ದೇಶವ್ಯಾಪಿ ಸಂಖ್ಯೆಗಳನ್ನು ಕೊಟ್ಟಿದ್ದೇ 1926ರಲ್ಲಿ. ಕಾರು ಮಧ್ಯಮ ವರ್ಗದ ಕೈಗೆ ಬಂದಿತ್ತು, ರಸ್ತೆಗಳು ಸುಧಾರಿಸುತ್ತಿದ್ದವು, ಜನ ಮನೆಯಿಂದ ದೂರ ಹೋಗತೊಡಗಿದ್ದರು. ಹಾದಿಯಲ್ಲಿ ಹಸಿವಾದಾಗ ನಿಲ್ಲುವುದೆಲ್ಲಿ ಎಂದು ಹೇಳುವವರಿರಲಿಲ್ಲ. ಅಡುಗೆಮನೆಯ ಶುಚಿತ್ವದ ಮೇಲೆ ದೇಶದುದ್ದಕ್ಕೂ ಒಂದೇ ಬಗೆಯ ಕಾವಲೂ ಇರಲಿಲ್ಲ. ಶೀತಕ ಪೆಟ್ಟಿಗೆಯೇ ಎಲ್ಲೆಡೆ ಇಲ್ಲದ ಆ ದಿನಗಳಲ್ಲಿ ಹಳಸಿದ ಮಾಂಸ, ಕೆಟ್ಟ ಕೆನೆ ಪ್ರಯಾಣಿಕನ ಪಾಲಿಗೆ ನಿಜವಾದ ಅಪಾಯವೇ ಆಗಿದ್ದವು. ಫ್ರಾನ್ಸಿನಲ್ಲಿ ಟೈರು ಕಂಪನಿಯಾದ ಮಿಷೆಲಿನ್ 1900ರಿಂದಲೇ ವಾಹನ ಸವಾರರಿಗೆ ಕೈಪಿಡಿ ಹೊರತರುತ್ತಿತ್ತು, 1926ರಿಂದ ಹೋಟೆಲುಗಳಿಗೆ ತಾರೆಗಳನ್ನೂ ಕೊಡುತ್ತಿತ್ತು. ಅಮೆರಿಕದ ಹೆದ್ದಾರಿಗೆ ಬೇಕಿದ್ದುದು ಅಷ್ಟು ನಾಜೂಕಿನದಲ್ಲ. ಹೊಟ್ಟೆ ಕೆಡದಂಥ, ಬಾಯಿಗೆ ಹಿಡಿಸುವಂಥ ಊಟ ಸಿಗುವ ಜಾಗ ತಿಳಿದರೆ ಸಾಕಿತ್ತು.

ಕ್ರಿಸ್‌ಮಸ್ ಕಾರ್ಡಿನ ಬದಲು

ಹೈನ್ಸನ ಬಳಿ ಇಂಥ ಪಟ್ಟಿಯಿದೆ ಎಂಬ ಸುದ್ದಿ ಗೆಳೆಯರಿಂದ ಗೆಳೆಯರಿಗೆ ಹಬ್ಬಿತು. ಷಿಕಾಗೋದ ಪತ್ರಿಕೆಯೊಂದು ಈ ವಿಚಿತ್ರ ಹವ್ಯಾಸದ ಬಗ್ಗೆ ಬರೆದ ಮೇಲಂತೂ ಗುರುತು ಪರಿಚಯವಿಲ್ಲದವರೂ ದೂರವಾಣಿ ಮಾಡಿ ವಿಚಾರಿಸತೊಡಗಿದರು. ಈ ಕಾಟ ತಪ್ಪಿಸಿಕೊಳ್ಳಲು ಹೈನ್ಸ್ ಒಂದು ಉಪಾಯ ಹೂಡಿದ. 1935ರ ಕ್ರಿಸ್‌ಮಸ್‌ಗೆ ಗೆಳೆಯರಿಗೆ ಶುಭಾಶಯ ಪತ್ರದ ಜೊತೆ, 30 ರಾಜ್ಯಗಳ 167 ಹೋಟೆಲುಗಳ ಪಟ್ಟಿಯೊಂದನ್ನು ಅಚ್ಚುಹಾಕಿಸಿ ಕಳುಹಿಸಿದ. ಕಾಟ ತಪ್ಪಲಿಲ್ಲ, ಇಮ್ಮಡಿಯಾಯಿತು. ಕಾರ್ಡು ಸಿಗದವರೂ ಪ್ರತಿ ಬೇಕೆಂದು ಬರೆದರು.

ಮರುವರ್ಷ, 1936ರಲ್ಲಿ, ಆ ಪಟ್ಟಿ ‘ಅಡ್ವೆಂಚರ್ಸ್ ಇನ್ ಗುಡ್ ಈಟಿಂಗ್’ ಎಂಬ ಪುಸ್ತಕವಾಯಿತು. ಬೆಲೆ ಒಂದು ಡಾಲರ್. ಪ್ರಕಾಶಕರ ಹಂಗಿಲ್ಲದೆ ಹೈನ್ಸ್ ತಾನೇ ಹೊರತಂದ ಈ ಪುಸ್ತಕ ಮೊದಲ ವರ್ಷ ನಷ್ಟವನ್ನೇ ತಂದಿತು. ಆಗ ಆತನಿಗೆ 56 ವರ್ಷ. ಬಹುಪಾಲು ಜನ ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಆತನ ನಿಜವಾದ ವೃತ್ತಿ ಶುರುವಾಗಿತ್ತು.

1938ರಲ್ಲಿ ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ವಾರಪತ್ರಿಕೆ ಆತನ ಬಗ್ಗೆ ಸುದೀರ್ಘ ಲೇಖನ ಪ್ರಕಟಿಸಿತು. ದೇಶದ ಮನೆಮನೆಗೂ ಹೋಗುತ್ತಿದ್ದ ಪತ್ರಿಕೆಯದು. ಹೈನ್ಸ್ ರಾತ್ರೋರಾತ್ರಿ ಎಂಬಂತೆ ಪ್ರಸಿದ್ಧನಾದ. ಆದರೆ ಅದೇ ವರ್ಷ, ಕೀರ್ತಿ ಬರುವುದಕ್ಕೆ ಕೆಲವೇ ತಿಂಗಳು ಮೊದಲು, ಪಟ್ಟಿಯ ಅರ್ಧ ಊಟಗಳನ್ನು ಆತನೊಂದಿಗೆ ಉಂಡಿದ್ದ ಫ್ಲಾರೆನ್ಸ್ ಕಣ್ಮುಚ್ಚಿದ್ದಳು. 1939ರಲ್ಲಿ ಹೈನ್ಸ್ ಷಿಕಾಗೋ ತೊರೆದು ಹುಟ್ಟೂರಿಗೆ ಮರಳಿದ. ಬೌಲಿಂಗ್ ಗ್ರೀನ್ ಹೊರವಲಯದಲ್ಲಿ ಹೆದ್ದಾರಿಗೆ ಮುಖ ಮಾಡಿದ ಮನೆಯೊಂದನ್ನು ಕಟ್ಟಿಸಿದ. ಅದೇ ಕಚೇರಿ, ಅದೇ ವಾಸ. ಅಷ್ಟರಲ್ಲಿ ವಸತಿಗೃಹಗಳ ಕೈಪಿಡಿ, ಹೋಟೆಲುಗಳಿಂದ ಕೇಳಿ ಪಡೆದ ಪಾಕವಿಧಾನಗಳ ಪುಸ್ತಕ ಇವೂ ಹೊರಬಂದಿದ್ದವು.

ಬಿಲ್ಲು ಕೊಟ್ಟೇ ಎದ್ದವನು

ಹೈನ್ಸನ ತೀರ್ಪಿಗೆ ಜನ ಏಕೆ ಬೆಲೆ ಕೊಟ್ಟರು? ಆತನಿಗೆ ಪಾಕಶಾಸ್ತ್ರದ ಪದವಿಯಿರಲಿಲ್ಲ, ಸಾಹಿತ್ಯದ ಶೈಲಿಯೂ ಇರಲಿಲ್ಲ. ಪುಸ್ತಕದ ಬರಹ ಸಂಕ್ಷಿಪ್ತ: ಊರು, ಹೆದ್ದಾರಿ ಸಂಖ್ಯೆ, ಯಾವ ಹೊತ್ತಿಗೆ ತೆರೆದಿರುತ್ತದೆ, ಊಟಕ್ಕೆಷ್ಟು, ಅಲ್ಲಿನ ವಿಶೇಷವೇನು. ಕೆಲವೊಮ್ಮೆ ಮಾಲೀಕರ ಬಗ್ಗೆ ಒಂದೆರಡು ಒಳ್ಳೆಯ ಮಾತು. ಅಷ್ಟೇ.

ನಂಬಿಕೆ ಬಂದದ್ದು ಆತ ಮಾಡದಿದ್ದ ಕೆಲಸಗಳಿಂದ. ಪುಸ್ತಕದಲ್ಲಿ ಹೋಟೆಲುಗಳ ಜಾಹೀರಾತಿಗೆ ಜಾಗವಿರಲಿಲ್ಲ. ಹಣ ಕೊಟ್ಟು ಪಟ್ಟಿಗೆ ಸೇರುವಂತಿರಲಿಲ್ಲ. ಪುಕ್ಕಟೆ ಊಟವನ್ನು ಆತ ಸ್ವೀಕರಿಸುತ್ತಿರಲಿಲ್ಲ. ತಾನು ಯಾರೆಂದು ಹೇಳಿಕೊಳ್ಳದೆ ಸಾಮಾನ್ಯ ಗಿರಾಕಿಯಂತೆ ಕೂತು, ಉಂಡು, ಗಲ್ಲಾದಲ್ಲಿ ಬಿಲ್ಲು ಚುಕ್ತಾ ಮಾಡಿ ಎದ್ದು ಹೋಗುತ್ತಿದ್ದ. ದಿನವೊಂದರಲ್ಲಿ ಐದಾರು ಕಡೆ ರುಚಿ ನೋಡಿದ್ದೂ ಉಂಟು. ಎಲ್ಲ ಕಡೆಯೂ ತಟ್ಟೆ ಖಾಲಿ ಮಾಡುತ್ತಿರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಆತನ ಪರೀಕ್ಷೆಯ ಕ್ರಮವೂ ವಿಶಿಷ್ಟ. ತಟ್ಟೆಗಿಂತ ಮೊದಲು ಆತ ನೋಡುತ್ತಿದ್ದುದು ಅಡುಗೆಮನೆಯನ್ನು. ಹಿತ್ತಲಿಗೆ ಹೋಗಿ ಕಸದ ತೊಟ್ಟಿಯ ಸುತ್ತ ಕಣ್ಣು ಹಾಯಿಸುತ್ತಿದ್ದ. ಮೂಗನ್ನು ನಂಬುತ್ತಿದ್ದ, ಹಳಸಿದ ಎಣ್ಣೆಯ ವಾಸನೆ ಬಾಗಿಲಲ್ಲೇ ಬಡಿದರೆ ಒಳಗಿನ ಅಲಂಕಾರ ಎಷ್ಟೇ ಇದ್ದರೂ ಕೂರುತ್ತಿರಲಿಲ್ಲ. ಮುಂದೆ ಹೊಳೆಯುವ ಗಾಜು, ಹಿಂದೆ ಜಿಡ್ಡಿನ ಗೋಡೆ ಎಂಬ ಸ್ಥಿತಿ ಯಾವ ಊರಿನ ಹೋಟೆಲು ಗಿರಾಕಿಗೂ ಹೊಸದಲ್ಲ. ಆದರೆ ಗಿರಾಕಿಗೆ ಅಡುಗೆಮನೆ ನೋಡುವ ಹಕ್ಕಿದೆ ಎಂಬ ಮಾತನ್ನು ಪ್ರಯಾಣಿಕರ ತಲೆಗೆ ತುಂಬಿದವರಲ್ಲಿ ಹೈನ್ಸ್ ಅಗ್ರಗಣ್ಯ. ಆತನ ಓದುಗರು ಹೋಟೆಲುಗಳಲ್ಲಿ ಒಳಗೆ ನೋಡಬಹುದೇ ಎಂದು ಕೇಳತೊಡಗಿದಾಗ ಮಾಲೀಕರು ಗೋಡೆಗೆ ಸುಣ್ಣ ಬಳಿಸಲೇಬೇಕಾಯಿತು. ಕಾಯ್ದೆ ಮಾಡದ ಕೆಲಸವನ್ನು ಒಂದು ಡಾಲರಿನ ಪುಸ್ತಕ ಮಾಡಿತೆಂದರೆ ಉತ್ಪ್ರೇಕ್ಷೆಯಾಗಬಹುದು. ಆದರೂ ಅದರ ಪಾಲನ್ನು ಅಲ್ಲಗಳೆಯಲಾಗದು.

ಇನ್ನೊಂದು ಸ್ವಾರಸ್ಯವಿದೆ. ಹೈನ್ಸ್ ಕೆಟ್ಟ ಹೋಟೆಲುಗಳನ್ನು ಬಯ್ದು ಬರೆಯಲಿಲ್ಲ. ಚೆನ್ನಾಗಿದ್ದವು ಪುಸ್ತಕದಲ್ಲಿದ್ದವು, ಉಳಿದವು ಇರಲಿಲ್ಲ. ಒಮ್ಮೆ ಸೇರಿದ್ದು ಮುಂದಿನ ಆವೃತ್ತಿಯಲ್ಲಿ ಕಾಣದಿದ್ದರೆ ಓದುಗನಿಗೆ ಅದೇ ಸೂಚನೆ. ಮಾಲೀಕ ಬದಲಾದರೆ, ಅಡುಗೆಯಾತ ಬಿಟ್ಟುಹೋದರೆ, ಓದುಗರಿಂದ ದೂರುಗಳು ಬಂದರೆ ಹೆಸರು ಕಳಚುತ್ತಿತ್ತು. ಇಷ್ಟು ದೊಡ್ಡ ದೇಶವನ್ನು ಒಬ್ಬನೇ ಸುತ್ತುವುದು ಸಾಧ್ಯವಿರಲಿಲ್ಲ. ನೂರಾರು ಮಂದಿ ಸ್ವಯಂಸೇವಕರು, ಹೆಚ್ಚಿನವರು ಆತನ ಗೆಳೆಯರು ಮತ್ತು ಓದುಗರು, ತಮ್ಮ ಖರ್ಚಿನಲ್ಲೇ ಉಂಡು ವರದಿ ಕಳುಹಿಸುತ್ತಿದ್ದರು. ನಾಲ್ಕು ಸಾಲಿನ ದೂರನ್ನು ಅಂಚೆಗೆ ಹಾಕಲು ಅಂದಿನ ಗಿರಾಕಿ ಚೀಟಿ ಖರೀದಿಸಿ, ವಿಳಾಸ ಬರೆದು, ಡಬ್ಬಿಯವರೆಗೆ ನಡೆಯಬೇಕಿತ್ತು. ಸಿಟ್ಟು ಅಷ್ಟು ಹೊತ್ತು ಉಳಿದಿದ್ದರೆ ಅದರಲ್ಲಿ ಹುರುಳಿರುತ್ತಿತ್ತು ಎಂದು ಈ ವರದಿಗಾರನ ಊಹೆ.

ಪಟ್ಟಿಯಲ್ಲಿದ್ದ ಹೋಟೆಲುಗಳಲ್ಲಿ ಹೆಚ್ಚಿನವು ಸಣ್ಣವು. ಕೆಂಟಕಿಯ ಕಾರ್ಬಿನ್ ಎಂಬಲ್ಲಿ ಪೆಟ್ರೋಲ್ ಬಂಕಿನ ಜೊತೆ ಊಟದ ವ್ಯವಸ್ಥೆಯನ್ನೂ ನಡೆಸುತ್ತಿದ್ದ ಹಾರ್ಲಂಡ್ ಸ್ಯಾಂಡರ್ಸ್ ಎಂಬಾತನ ಹೋಟೆಲು 1939ರಲ್ಲಿ ಹೈನ್ಸನ ಪುಸ್ತಕ ಸೇರಿತು. ಮುಂದೆ ಕರ್ನಲ್ ಸ್ಯಾಂಡರ್ಸ್ ಎಂದು ಜಗತ್ತು ಬಲ್ಲ ಕೋಳಿ ಹುರಿಯುವ ಮುದುಕ ಈತನೇ. ಆಗಿನ್ನೂ ಆತನಿಗೆ ಇದ್ದದ್ದು ಹೆದ್ದಾರಿ ಬದಿಯ ಒಂದೇ ಒಂದು ಅಂಗಡಿ.

ಇಷ್ಟಾದರೂ ಹೈನ್ಸನ ವ್ಯವಹಾರದಲ್ಲಿ ಒಂದು ಸಡಿಲ ಕೊಂಡಿಯಿತ್ತು. ಆತನನ್ನು ಹೊಗಳುವವರು ಅದನ್ನು ಬೇಗ ದಾಟಿಬಿಡುತ್ತಾರೆ. ಪಟ್ಟಿಗೆ ಸೇರಲು ಹಣ ಬೇಕಿರಲಿಲ್ಲ, ನಿಜ. ಆದರೆ ಸೇರಿದ ಮೇಲೆ, ಡಂಕನ್ ಹೈನ್ಸ್ ಶಿಫಾರಸು ಮಾಡಿದ ಹೋಟೆಲು ಎಂದು ಸಾರುವ ಫಲಕವನ್ನು ಬಾಗಿಲಿಗೆ ತೂಗುಹಾಕಬೇಕಿದ್ದರೆ ಬಾಡಿಗೆ ತೆರಬೇಕಿತ್ತು. ಪಟ್ಟಿಯಿಂದ ಬಿದ್ದವರು ಫಲಕವನ್ನೂ ಹಿಂದಿರುಗಿಸಬೇಕು. ಹೋಟೆಲಿನವನಿಂದ ಒಂದು ಕಾಸೂ ಮುಟ್ಟದ ತೀರ್ಪುಗಾರನೆಂಬ ಚಿತ್ರಕ್ಕೆ ಇದು ಪೂರ್ತಿ ಹೊಂದುವುದಿಲ್ಲ. ಫಲಕದ ಬಾಡಿಗೆಗಾಗಿ ಆತ ಅನರ್ಹರನ್ನು ಸೇರಿಸಿದನೆಂಬ ಆರೋಪ ಅಂಟಿಕೊಳ್ಳಲಿಲ್ಲ. 1943ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನದ ಮೂಲಕ ಹೋಟೆಲು ನಿರ್ವಹಣೆ ಕಲಿಯುವ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವನ್ನೂ ನೀಡಿದ. ಆದರೆ ಹೆಸರಿಗೆ ಬೆಲೆ ಕಟ್ಟಬಹುದು ಎಂಬುದು ಆ ಫಲಕದಲ್ಲೇ ಮೊದಲು ಕಂಡಿತ್ತು.

ಪುಸ್ತಕ ಹೇಳದೆ ಬಿಟ್ಟದ್ದು

ಹೈನ್ಸನ ಪುಸ್ತಕ ಬಂದ 1936ರಲ್ಲೇ ನ್ಯೂಯಾರ್ಕಿನಲ್ಲಿ ಇನ್ನೊಂದು ತೆಳುವಾದ ಕೈಪಿಡಿ ಹೊರಬಿತ್ತು. ಅದರ ಕರ್ತೃ ವಿಕ್ಟರ್ ಹ್ಯೂಗೊ ಗ್ರೀನ್, ಹಾರ್ಲೆಮ್ ನಿವಾಸಿಯಾದ ಕಪ್ಪು ಅಂಚೆಯಾಳು. ‘ಗ್ರೀನ್ ಬುಕ್’ ಎಂದು ಹೆಸರಾದ ಆ ಹೊತ್ತಗೆ ಕಪ್ಪು ಜನಾಂಗದ ಪ್ರಯಾಣಿಕರಿಗೆ ಎಲ್ಲಿ ಊಟ ಬಡಿಸುತ್ತಾರೆ, ಎಲ್ಲಿ ಮಲಗಲು ಜಾಗ ಕೊಡುತ್ತಾರೆ ಎಂದು ತಿಳಿಸುತ್ತಿತ್ತು.

ಎರಡೂ ಪುಸ್ತಕಗಳು ಒಂದೇ ದೇಶದ ಒಂದೇ ಹೆದ್ದಾರಿಗಳ ಬಗ್ಗೆ ಬರೆದವು. ಒಂದರ ಓದುಗನಿಗೆ ಎದುರಿದ್ದ ಪ್ರಶ್ನೆ ಊಟ ಚೆನ್ನಾಗಿದೆಯೇ ಎಂಬುದು. ಇನ್ನೊಂದರ ಓದುಗನಿಗೆ ಒಳಗೆ ಬಿಡುತ್ತಾರೆಯೇ ಎಂಬುದು. ದಕ್ಷಿಣದ ರಾಜ್ಯಗಳಲ್ಲಿ ಹೈನ್ಸ್ ಮೆಚ್ಚಿದ ಹೋಟೆಲುಗಳ ಒಲೆಯ ಮುಂದೆ ನಿಂತು ಬೇಯಿಸುತ್ತಿದ್ದವರಲ್ಲಿ ಕಪ್ಪು ಮಹಿಳೆಯರೂ ಇದ್ದರು. ಆ ಊಟದ ಹಾಲಿನ ಮೇಜಿನಲ್ಲಿ ಅವರು ಕೂರುವಂತಿರಲಿಲ್ಲ. ಅಡುಗೆಮನೆಯ ಕಸದ ತೊಟ್ಟಿಯನ್ನೂ ಬಿಡದೆ ಗಮನಿಸಿದ ಕಣ್ಣು ಇದನ್ನು ಬರೆಯಲು ತಕ್ಕ ವಿಷಯವೆಂದು ಎಣಿಸಲಿಲ್ಲ. ಕಾಲದ ರೂಢಿ ಎಂದು ಬಿಡಬಹುದು. ಆದರೆ ಸೇವೆಯ ಗುಣಮಟ್ಟವನ್ನು ಅಳೆಯುವ ಪುಸ್ತಕಕ್ಕೆ, ಯಾರಿಗೆ ಸೇವೆಯೇ ಇಲ್ಲ ಎಂಬುದು ಸಣ್ಣ ಲೋಪವಲ್ಲ. ಹೋಟೆಲುಗಳಲ್ಲಿ ಬಣ್ಣಭೇದ ಮಾಡುವುದು ದೇಶದಾದ್ಯಂತ ಕಾನೂನುಬಾಹಿರವಾದದ್ದು 1964ರ ನಾಗರಿಕ ಹಕ್ಕುಗಳ ಕಾಯ್ದೆಯಿಂದ. ಅಷ್ಟರಲ್ಲಿ ಹೈನ್ಸನೂ ಇರಲಿಲ್ಲ, ಆತನ ಪುಸ್ತಕವೂ ನಿಂತಿತ್ತು.

ಹೆಸರಿನ ಮಾರಾಟ

ಎರಡನೆಯ ಮಹಾಯುದ್ಧ ಮುಗಿದು ಪೆಟ್ರೋಲಿನ ಪಡಿತರ ಕೊನೆಗೊಂಡಾಗ ಜನ ಮತ್ತೆ ರಸ್ತೆಗಿಳಿದರು. ಹೈನ್ಸನ ಪುಸ್ತಕಗಳಿಗೆ ಸುಗ್ಗಿ. 1939ರಲ್ಲಿ ಮಾಡಿಕೊಂಡಿದ್ದ ಎರಡನೆಯ ಮದುವೆ ವಿಚ್ಛೇದನದಲ್ಲಿ ಮುಗಿದಿತ್ತು. 1946ರಲ್ಲಿ ಹುಟ್ಟೂರಿನವಳೇ ಆದ ಕ್ಲಾರಾಳನ್ನು ವರಿಸಿದ. ದೇಶದ ಉಪಾಧ್ಯಕ್ಷನ ಹೆಸರು ತಿಳಿಯದವರಿಗೂ ಹೈನ್ಸನ ಹೆಸರು ತಿಳಿದಿತ್ತು ಎಂಬ ಮಾತು ಆ ದಿನಗಳ ಬಗ್ಗೆ ಪ್ರಚಲಿತವಾಗಿದೆ.

ತಮ್ಮ ಸರಕಿಗೆ ಆತನ ಹೆಸರು ಬೇಕೆಂದು ಕೇಳಿಕೊಂಡು ಬಂದ ಕಂಪನಿಗಳನ್ನು ಹೈನ್ಸ್ ವರ್ಷಗಟ್ಟಲೆ ಹಿಂದಕ್ಕೆ ಕಳುಹಿಸಿದ್ದ. ಆತನ ಮನವೊಲಿಸಿದ್ದು ರಾಯ್ ಪಾರ್ಕ್ ಎಂಬ ಜಾಹೀರಾತು ಉದ್ಯಮಿ. ಪಾರ್ಕ್ ಹಣದ ಆಸೆಗಿಂತ ಬೇರೆ ವಾದವನ್ನು ಮುಂದಿಟ್ಟ: ಪ್ರಯಾಣಿಕರ ಊಟವನ್ನು ಸುಧಾರಿಸಿದ ಹೆಸರು ಮನೆಗಳ ಊಟವನ್ನೂ ಸುಧಾರಿಸಬಹುದು. 1949ರಲ್ಲಿ ಹೈನ್ಸ್-ಪಾರ್ಕ್ ಫುಡ್ಸ್ ಹುಟ್ಟಿತು. ಮರುವರ್ಷ ಐಸ್‌ಕ್ರೀಮ್, 1951ರಲ್ಲಿ ನೆಬ್ರಾಸ್ಕಾದ ಹಿಟ್ಟಿನ ಗಿರಣಿಯೊಂದು ತಯಾರಿಸಿದ ಕೇಕ್ ಮಿಶ್ರಣ ಮಾರುಕಟ್ಟೆಗೆ ಬಂದವು. ಮಿಶ್ರಣವಂತೂ ಬಿಸಿಬಿಸಿಯಾಗಿ ಮಾರಾಟವಾಯಿತು. ಜನ ಕೊಂಡದ್ದು ಹಿಟ್ಟನ್ನೋ, ಹದಿನೈದು ವರ್ಷ ಬಿಲ್ಲು ಕೊಟ್ಟು ಗಳಿಸಿದ್ದ ನಂಬಿಕೆಯನ್ನೋ ಎಂದು ಬಿಡಿಸಿ ಹೇಳುವುದು ಕಷ್ಟ.

ಹೈನ್ಸ್ ಇದರಲ್ಲಿ ದ್ರೋಹವೆಸಗಿದನೆಂದು ತೀರ್ಮಾನಿಸುವುದು ಸರಿಯಾಗದು. ಆಗ ಆತನಿಗೆ ಎಪ್ಪತ್ತು ಸಮೀಪಿಸಿತ್ತು. ವರ್ಷವಿಡೀ ಕಾರಿನಲ್ಲಿ ಸುತ್ತಿ ದಿನಕ್ಕೆ ಐದಾರು ಕಡೆ ಉಣ್ಣುವ ದೇಹವಲ್ಲ ಅದು. ಮಿಶ್ರಣ ಕಳಪೆಯೂ ಆಗಿರಲಿಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಹೋಟೆಲಿನ ವಿಷಯದಲ್ಲಿ ಆತ ಗಿರಾಕಿಯ ಕಡೆ ಕೂತಿದ್ದ. ಪೊಟ್ಟಣದ ಮೇಲೆ ಹೆಸರು ಬಂದ ದಿನ ಮೇಜಿನ ಆಚೆ ಬದಿಗೆ ಹೋದ.

1956ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಹೆಸರನ್ನೂ ವ್ಯವಹಾರವನ್ನೂ ಖರೀದಿಸಿತು. ಅಮೆರಿಕದಲ್ಲಿ ಊರುಗಳನ್ನು ಬಳಸಿ ಸಾಗುವ ಅಂತರರಾಜ್ಯ ಹೆದ್ದಾರಿಗಳ ಕಾಯ್ದೆ ಜಾರಿಯಾದದ್ದೂ ಅದೇ ವರ್ಷ. ಹಳೆಯ ಹೆದ್ದಾರಿಯಿಂದ ವಾಹನಗಳು ದೂರವಾದಂತೆ ಸಣ್ಣ ಊರುಗಳ ಹೋಟೆಲುಗಳು ಸೊರಗಿದವು. ಹೊಸ ರಸ್ತೆಗಳ ನಿರ್ಗಮನ ದ್ವಾರಗಳಲ್ಲಿ ಸರಣಿ ಹೋಟೆಲುಗಳು ಬೇರೂರಿದವು. ಎಲ್ಲ ಕಡೆಯೂ ಒಂದೇ ಬಗೆಯ ಫಲಕ, ಒಂದೇ ಬಗೆಯ ರುಚಿ. ಅಪರಿಚಿತ ಊರಿನಲ್ಲಿ ಊಟ ಹೇಗಿರುತ್ತದೋ ಎಂಬ ಅಳುಕೇ ಇಲ್ಲವಾದ ಮೇಲೆ ಅದನ್ನು ನಿವಾರಿಸುವ ಪುಸ್ತಕಕ್ಕೇನು ಕೆಲಸ? ಕಾರ್ಬಿನ್‌ನ ಸ್ಯಾಂಡರ್ಸ್ ಕೂಡ ಹೊಸ ಹೆದ್ದಾರಿ ತನ್ನೂರನ್ನು ಬಳಸಿ ಹೋಗುತ್ತದೆಂದು ತಿಳಿದು ಹೋಟೆಲು ಮಾರಿ, ಕೋಳಿಯ ಪಾಕವಿಧಾನವನ್ನು ಹೊತ್ತು ಊರೂರು ಅಲೆದ.

ಹೈನ್ಸ್ 1959ರ ಮಾರ್ಚ್ 15ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಬೌಲಿಂಗ್ ಗ್ರೀನ್‌ನಲ್ಲಿ ನಿಧನನಾದ. ಎಪ್ಪತ್ತೊಂಬತ್ತು ತುಂಬಲು ಹನ್ನೊಂದು ದಿನ ಬಾಕಿಯಿತ್ತು. ಹೆಸರು ಮುಂದೆಯೂ ಕೈಯಿಂದ ಕೈಗೆ ಮಾರಾಟವಾಗುತ್ತಾ, 2018ರಲ್ಲಿ ಕೊನಾಗ್ರಾ ಕಂಪನಿಯ ಪಾಲಾಯಿತು. 1951ರಲ್ಲಿ ಮೊದಲ ಕೇಕ್ ಮಿಶ್ರಣ ತಯಾರಿಸಿದ್ದ ನೆಬ್ರಾಸ್ಕಾದ ಗಿರಣಿಯೇ ಬೆಳೆದು ಕೊನಾಗ್ರಾ ಆಗಿತ್ತು. ಪುಸ್ತಕಗಳಿಗೆ ಅಷ್ಟು ಆಯುಷ್ಯವಿರಲಿಲ್ಲ. 1962ರಲ್ಲಿ ಕೈಪಿಡಿಗಳ ಪ್ರಕಟಣೆ ನಿಂತಿತು, ಹಳೆಯ ಹೆದ್ದಾರಿಗಳ ಬಾಗಿಲುಗಳಿಂದ ಫಲಕಗಳು ಒಂದೊಂದಾಗಿ ಇಳಿದವು.